ಬರೀ ಕೆಂಪು ಗುಡ್ಡ

ಕಲಬುರಗಿಯ ಗಾಜಿಪುರದಿಂದ ಹೊರಟು ಹುಮನಾಬಾದ್ ಬಸ್ಸು ಹತ್ತಿದರೆ ಕಮಲಾಪುರ ಬರುವ ಹೊತ್ತಿಗೆ ನೆಲದ ಬಣ್ಣ ಬದಲಾಗಿರುತ್ತದೆ. ತೊಗರಿಯ ಎರಿ ಭೂಮಿ ಹಿಂದೆ ಉಳಿದು ಕೆಂಪು ಮಸಾರಿ ಶುರುವಾಗುತ್ತದೆ. ಮೊನ್ನೆ ಕಿಟಕಿಗೆ ಕಣ್ಣು ನೆಟ್ಟು ಕೂತಿದ್ದ ನನ್ನನ್ನು ಪಕ್ಕದ ಹಿರಿಯರು ಕೇಳಿಯೇಬಿಟ್ಟರು: ‘ಏನದರೀ ಅಲ್ಲಿ ನೋಡ್ಲಾಕ? ಬರೀ ಕೆಂಪು ಗುಡ್ಡ!’

ಆ ಬರೀ ಕೆಂಪು ಗುಡ್ಡವನ್ನೇ ನೋಡುತ್ತ ಬದುಕಿದವಳು ಅಮೆರಿಕದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್. 1887ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಹೆಸರು ಮಾಡಿದವಳು. 1929ರ ಬೇಸಿಗೆ ಕಳೆಯಲು ನ್ಯೂ ಮೆಕ್ಸಿಕೋಗೆ ಹೋದಳು. ಆಮೇಲೆ ಆ ಮರುಭೂಮಿ ಅವಳನ್ನು ಬಿಡಲಿಲ್ಲ. 1940ರಲ್ಲಿ ಅಲ್ಲಿನ ಘೋಸ್ಟ್ ರಾಂಚ್‌ನಲ್ಲಿ ಮನೆ ಕೊಂಡಳು. ಮನೆಯೆದುರಿಗೆ ದೂರದಲ್ಲಿ ಪೆಡರ್ನಲ್ ಎಂಬ ಚಪ್ಪಟೆ ತಲೆಯ ಗುಡ್ಡ. ಅದನ್ನು ಎಷ್ಟು ಸಲ ಬರೆದಳೆಂದರೆ, ಸಾಕಷ್ಟು ಬರೆದರೆ ಗುಡ್ಡ ನಿನ್ನದೇ ಎಂದು ದೇವರು ಮಾತು ಕೊಟ್ಟಿದ್ದಾನೆ ಎಂದು ತಮಾಷೆ ಮಾಡುತ್ತಿದ್ದಳು.

ಫೋರ್ಡ್ ಕಾರೇ ಅವಳ ಚಿತ್ರಶಾಲೆ. ಮುಂದಿನ ಸೀಟು ತಿರುಗಿಸಿ ಕೂತು, ಹಿಂದಿನ ಸೀಟಿಗೆ ಕ್ಯಾನ್ವಾಸ್ ಒರಗಿಸಿ ಬರೆಯುವುದು. ಬಿಸಿಲು ತಾಳದಾದಾಗ ಕಾರಿನಡಿ ನುಸುಳುವುದು. ಕಲಬುರಗಿಯ ಮೇ ತಿಂಗಳು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಗತ್ತು ಅವಳನ್ನು ಹೂವಿನ ಚಿತ್ರಗಳಿಂದ ಗುರುತಿಸುತ್ತದೆ. ಬಿಳಿ ಉಮ್ಮತ್ತಿಯ ಒಂದು ಚಿತ್ರ 2014ರಲ್ಲಿ 4.4 ಕೋಟಿ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಇರಲಿ. ನನಗೆ ಆ ಹೂಗಳಿಗಿಂತ 1941ರ ‘ರೆಡ್ ಹಿಲ್ಸ್ ಅಂಡ್ ಬೋನ್ಸ್’ ದೊಡ್ಡದು. ಮುಂದೆ ದನದ ಎಲುಬು, ಹಿಂದೆ ಮಳೆ ಕೊರೆದ ಕೆಂಪು ದಿನ್ನೆ. ಎಲುಬಿನ ಬಾಗೂ ದಿನ್ನೆಯ ಮಡಿಕೆಯೂ ಒಡಹುಟ್ಟಿದವರಂತಿವೆ. ಸಾವಿನ ಸಂಕೇತವೆಂದು ವಿಮರ್ಶಕರು ಬರೆದರು, ಅವಳು ಒಪ್ಪಲಿಲ್ಲ. ಅವಳಿಗೆ ಎಲುಬು ಜೀವಂತ ವಸ್ತು.

ಇನ್ನೊಂದು ಜಾಣತನವಿದೆ. ನಿಸರ್ಗಚಿತ್ರ ಕಲಿಸುವವರು ಹತ್ತಿರ, ನಡು, ದೂರ ಎಂದು ಮೂರು ಪದರ ಹಾಕಿಸುತ್ತಾರೆ. ಓಕೀಫ್ ನಡುವಿನದನ್ನು ತೆಗೆದೇ ಹಾಕಿದಳು. 1937ರ ‘ಫ್ರಮ್ ದ ಫಾರವೇ, ನಿಯರ್‌ಬೈ’ಯಲ್ಲಿ ಕವಲುಗೊಂಬಿನ ತಲೆಬುರುಡೆ ಮೂಗಿನ ಮುಂದಿದೆ, ಗುಡ್ಡಗಳು ದಿಗಂತದಲ್ಲಿವೆ, ಮಧ್ಯೆ ನೆಲವೇ ಇಲ್ಲ. ಒಣಹವೆಯಲ್ಲಿ ದೂರದ್ದೂ ಅಂಚು ಮಸುಕಾಗದೆ ಕಾಣುತ್ತದಲ್ಲ, ಆ ಅನುಭವವೇ ಇಲ್ಲಿ ರಚನೆಯಾಗಿದೆ.

ನಮ್ಮ ಕಲಬುರಗಿಯ ಚಿತ್ರಕಲಾವಿದ ಎಸ್.ಎಂ. ಪಂಡಿತರು ಪುರಾಣದ ದೇವದೇವಿಯರಿಗೆ ಮೈ ತುಂಬಿದವರು. ಅವರ ಬೆಳಕು ಚರ್ಮದ ಮೇಲೆ ಬೀಳುತ್ತದೆ. ಓಕೀಫ್‌ಳ ಬೆಳಕು ಬೀಳುವುದು ಮಣ್ಣಿನ ಮೇಲೆ. ಅಲ್ಲಿ ಮನುಷ್ಯರಿಲ್ಲ. ಕಮಲಾಪುರದಲ್ಲಾದರೆ ಅಷ್ಟು ಸುಲಭವಲ್ಲ, ಕೆಂಪು ಬಾಳೆಯ ತೋಟವೋ ಕುರಿಗಾಹಿಯೋ ಚೌಕಟ್ಟಿನೊಳಗೆ ಬಂದೇ ಬರುತ್ತಾರೆ.

ಅವಳ ಚಿತ್ರಗಳನ್ನು ಫೋನಿನಲ್ಲಿ ನೋಡಬೇಡಿ, ಕೆಂಪೆಲ್ಲ ಕಿತ್ತಳೆಯಾಗುತ್ತದೆ. ಒಳ್ಳೆಯ ಮುದ್ರಣವಿದ್ದರೆ ಸಂಜೆ ನಾಲ್ಕರ ಬೆಳಕಿಗೆ ಪಡಸಾಲೆಯಲ್ಲಿಟ್ಟು ನೋಡಿ. ಅದೇ ಹೊತ್ತಿಗೆ ಮಸಾರಿಯೂ ನೇರಳೆಗೆ ತಿರುಗುತ್ತದೆ.