ಇಳಿತದ ಹೊತ್ತಿನ ನಡಿಗೆ

ಕಾರವಾರಕ್ಕೆ ಹೊರಟಿದ್ದೇನೆ, ಸಂಜೆ ಕಡಲದಂಡೆಯಲ್ಲಿ ಆರಾಮವಾಗಿ ಅಡ್ಡಾಡಬೇಕು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಅವತ್ತಿನ ತಿಥಿ. ಹುಣ್ಣಿಮೆಯೋ ಅಮಾವಾಸ್ಯೆಯೋ ಹತ್ತಿರವಿದ್ದರೆ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ನಾಲ್ಕೂವರೆಗೇ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋಗಿ ಅನ್ನುತ್ತೇನೆ. ಅಷ್ಟಮಿಯ ಆಸುಪಾಸಾದರೆ ಸಂಜೆಯ ಆಸೆ ಬಿಟ್ಟು ಬೆಳಿಗ್ಗೆ ಎಂಟರ ಮೇಲೆ ಹೋಗುವುದು ಒಳ್ಳೆಯದು. ಗಾಳಿಸೇವನೆಗೂ ಪಂಚಾಂಗ ಬೇಕೇ ಎಂದು ಘಟ್ಟದ ಮೇಲಿನವರಿಗೆ ಆಶ್ಚರ್ಯ. ಮೀನುಗಾರರ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಚಂದ್ರನನ್ನು ಹಿಂಬಾಲಿಸುವ ಕಾರಣ ಅವು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಹಾಗಾಗಿ ತಿಥಿ ಗೊತ್ತಿದ್ದರೆ ಹೊತ್ತೂ ಗೊತ್ತಾದಂತೆಯೇ. ಕಾರವಾರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ನೀರು ತುಂಬುವುದು ಹಗಲೂ ರಾತ್ರಿಯೂ ಹನ್ನೊಂದರ ಸುಮಾರಿಗೆ. ತಗ್ಗುವುದು ಬೆಳಗಿನ ಮತ್ತು ಸಂಜೆಯ ಐದರ ಸುಮಾರಿಗೆ. ಆ ದಿನಗಳಲ್ಲಿ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಸರಿದಂತೆ ಇಲ್ಲಿ ನೀರು ದೂರ ಸರಿಯುವುದಿಲ್ಲ, ಏರಿಳಿತ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಆದರೆ ದಂಡೆ ತೀರ ಕಡಿಮೆ ಇಳಿಜಾರಿನಲ್ಲಿ ಹರಡಿಕೊಂಡಿರುವುದರಿಂದ ಅಷ್ಟಕ್ಕೇ ಅಗಲವಾದ ಒದ್ದೆ ಮರಳಿನ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಆರಾಮದ ನಡಿಗೆಗೆ ದಾರಿಯೆಂದರೆ ಅದೇ. ಸಿಮೆಂಟ್ ಇಟ್ಟಿಗೆ ಹಾಸಿದ ಯಾವ ಕಾಲುದಾರಿಯೂ ಅದಕ್ಕೆ ಸಮನಲ್ಲ.

ಒಣ ಮರಳಿನಲ್ಲಿ ನಡೆಯುವುದು ಬೆವರಿಳಿಸುವ ಕೆಲಸ. ಅದೇ ವೇಗದಲ್ಲಿ ಗಟ್ಟಿ ನೆಲದ ಮೇಲೆ ನಡೆದರೆ ಖರ್ಚಾಗುವ ಶಕ್ತಿಯ ಎರಡು ಪಟ್ಟಿಗೂ ಹೆಚ್ಚು ಇಲ್ಲಿ ಬೇಕು ಎಂದು ಅಳೆದು ನೋಡಿದವರಿದ್ದಾರೆ. ಹೆಜ್ಜೆಯೂರಿದಲ್ಲಿ ಮರಳು ಜಾರುತ್ತದೆ, ಕಾಲು ಹೂತು ಮೀನಖಂಡ ಸೆಳೆಯುತ್ತದೆ. ವ್ಯಾಯಾಮವೇ ಬೇಕೆನ್ನುವವರು ಅಲ್ಲೇ ನಡೆಯಲಿ. ಒದ್ದೆ ಮರಳಿನ ಗುಣವೇ ಬೇರೆ. ಕಣಕಣದ ನಡುವೆ ನಿಂತ ನೀರು ಅವುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಪಾದ ಬೆರಳಷ್ಟೂ ಇಳಿಯುವುದಿಲ್ಲ. ಬರಿಗಾಲಲ್ಲಿ ನಿಧಾನವಾಗಿ ಒಂದು ಹೆಜ್ಜೆ ಊರಿ ಕೆಳಗೆ ನೋಡಿ. ಪಾದದ ಸುತ್ತ ಅಂಗೈಯಗಲ ಮರಳು ಒಮ್ಮೆಲೇ ಬೆಳ್ಳಗಾಗಿ ಒಣಗಿದಂತೆ ಕಾಣುತ್ತದೆ, ಕಾಲೆತ್ತಿದ ಕೂಡಲೇ ಮತ್ತೆ ನೀರೂರಿ ಕಪ್ಪಾಗುತ್ತದೆ. ಒತ್ತಿದರೆ ನೀರು ಮೇಲೆ ಬರಬೇಕಿತ್ತಲ್ಲ, ಒಳಗೆ ಹೋದದ್ದು ಹೇಗೆ? ಬಿಗಿಯಾಗಿ ಕೂತ ಕಣಗಳು ಭಾರ ಬಿದ್ದಾಗ ಒಂದರ ಮೇಲೊಂದು ಏರಲೇಬೇಕು. ಏರಿದಾಗ ನಡುವಿನ ಜಾಗ ಹಿಗ್ಗಿ ಮೇಲಿನ ನೀರನ್ನು ಒಳಕ್ಕೆಳೆಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ಇದನ್ನು ವಿವರಿಸಿದ. ಪ್ರತಿ ಹೆಜ್ಜೆಗೂ ಆಗುವ ಈ ಸೋಜಿಗ ಬಿರುಸಾಗಿ ನಡೆಯುವವನ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಸಂಗತಿ. ದಂಡೆ ಎಷ್ಟೇ ಸಮವಾಗಿ ಕಂಡರೂ ಕಡಲಿನ ಕಡೆಯ ಕಾಲು ತುಸು ತಗ್ಗಿನಲ್ಲೇ ಇರುತ್ತದೆ. ಒಂದೇ ದಿಕ್ಕಿಗೆ ಬಹಳ ದೂರ ಹೋಗಿ ರಿಕ್ಷಾ ಹಿಡಿದು ಮರಳಿದರೆ ಮರುದಿನ ಸೊಂಟ ಹಿಡಿಯುತ್ತದೆ. ಹೋದಷ್ಟು ದೂರವನ್ನು ನಡೆದೇ ಹಿಂದಿರುಗಿದರೆ ಎರಡು ಕಾಲಿಗೂ ಲೆಕ್ಕ ಚುಕ್ತಾ. ಚಳಿಗಾಲ, ಬೇಸಿಗೆಗಳಲ್ಲಿ ಮಧ್ಯಾಹ್ನದ ಮೇಲೆ ಗಾಳಿ ವಾಯವ್ಯದಿಂದ ಬೀಸುತ್ತದೆ. ಆದ್ದರಿಂದ ಊರಿನ ಕಡೆಯಿಂದ ಉತ್ತರಕ್ಕೆ, ಕಾಳಿ ನದಿಯ ಅಳಿವೆಯತ್ತ, ಗಾಳಿಗೆ ಮುಖ ಕೊಟ್ಟು ಹೊರಡಿ. ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆ.

ಕಡಲತೀರದ ಉದ್ಯಾನದಲ್ಲಿ ನೋಡಲು ಬೇಕಾದಷ್ಟಿದೆ. ನೌಕಾಪಡೆಯಿಂದ ನಿವೃತ್ತವಾದ ಯುದ್ಧನೌಕೆ ಐಎನ್‌ಎಸ್ ಚಾಪಲ್ 2006ರಿಂದ ಇಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಪಕ್ಕಕ್ಕೆ ಈಗ ಟುಪೊಲೆವ್ 142 ವಿಮಾನವೂ ಬಂದಿದೆ. 50 ಮೀಟರ್ ರೆಕ್ಕೆಯ ಆ ಹಕ್ಕಿಯನ್ನು ಹತ್ತಿರದಿಂದ ಕಂಡರೆ ಮಕ್ಕಳ ಬಾಯಿ ಮುಚ್ಚುವುದಿಲ್ಲ. ಮಕ್ಕಳಿದ್ದರೆ ಇವನ್ನೆಲ್ಲ ಮೊದಲು ಮುಗಿಸಿಬಿಡಿ. ಆಮೇಲೆ ಚಪ್ಪಲಿ ಕೈಗೆ ತೆಗೆದುಕೊಂಡು ಕೆಳಗಿಳಿಯಿರಿ.

ಇಳಿದವರು ಒಮ್ಮೆ ತಿರುಗಿ ಗಾಳಿಮರಗಳನ್ನು ನೋಡಬೇಕು. ಪೂರ್ವದ ದ್ವೀಪಗಳಿಂದಲೂ ಆಸ್ಟ್ರೇಲಿಯಾದಿಂದಲೂ ಬಂದ ಈ ಮರವನ್ನು ಉತ್ತರ ಕನ್ನಡದ ತೀರದಲ್ಲಿ ತೋಪಾಗಿ ಬೆಳೆಸಲು ತೊಡಗಿದ್ದು 1868ರ ಸುಮಾರಿಗೆ, ಇದೇ ಕಾರವಾರದಲ್ಲಿ. ಸೌದೆಗಾಗಿ ನೆಟ್ಟ ಆ ಮರಗಳು ಹದಿನೈದು ವರ್ಷದ ಹರೆಯಕ್ಕೆ ಬಂದಿದ್ದಾಗ ಇಪ್ಪತ್ತೆರಡರ ಯುವಕ ರವೀಂದ್ರನಾಥರು ಇಲ್ಲಿಗೆ ಬಂದರು. ಐಸಿಎಸ್ ಪಾಸಾದ ಮೊದಲ ಭಾರತೀಯ, ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ‘ಪ್ರಕೃತಿರ ಪ್ರತಿಶೋಧ’ ನಾಟಕ ಹುಟ್ಟಿದ್ದು ಇಲ್ಲಿಯೇ ಎಂಬುದನ್ನು ಎಲ್ಲರೂ ಹೇಳುತ್ತಾರೆ. ನಡಿಗೆಯ ಹುಚ್ಚಿರುವ ನನಗೆ ಅದಕ್ಕಿಂತ ಪ್ರಿಯವಾದದ್ದು ಅವರ ಆತ್ಮಕಥನದಲ್ಲಿ ಬರುವ ಒಂದು ರಾತ್ರಿ. ಬೆಳದಿಂಗಳಲ್ಲಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿ, ಶಿವಾಜಿಯ ಕಾಲದ ಕೋಟೆಯ ಬಳಿ ಇಳಿದು, ಸೆಳವಿಗೆ ದೋಣಿ ಬಿಟ್ಟು ಅಳಿವೆಗೆ ಮರಳಿದರು. ಅಲ್ಲಿಂದ ಮನೆಯವರೆಗೆ ಮರಳಿನ ಮೇಲೆ ನಡೆದೇ ಬಂದರು. ನಡುರಾತ್ರಿ ಮೀರಿತ್ತು. ಕಡಲಲ್ಲಿ ಅಲೆಯಿರಲಿಲ್ಲ, ಸದಾ ಸುಯ್ಯೆನ್ನುವ ಗಾಳಿಮರಗಳೂ ಸುಮ್ಮನಿದ್ದುವು. ಹುಣ್ಣಿಮೆಯ ಆಸುಪಾಸಿನ ರಾತ್ರಿ ಅದಾಗಿದ್ದರೆ ಹನ್ನೊಂದಕ್ಕೆ ತುಂಬಿದ ನೀರು ಇಳಿಯತೊಡಗಿರಬೇಕು. ದೋಣಿ ತಾನಾಗಿ ಬಂದದ್ದೂ, ನಡೆಯಲು ಒದ್ದೆ ಮರಳು ಸಿಕ್ಕಿದ್ದೂ ಅದೇ ಇಳಿತದಿಂದ ಇರಬೇಕು ಎಂದು ನಾನು ಊಹಿಸುತ್ತೇನೆ. ಮನೆ ಸೇರಿದ ಮೇಲೆ ಅವರು ಕೂತು ಒಂದು ಕವಿತೆ ಬರೆದರು. ಈ ತೀರಕ್ಕೆ ಅವರ ಹೆಸರಿಟ್ಟದ್ದು ಸರಿಯಾಗಿಯೇ ಇದೆ, ಅವರು ಇದನ್ನು ಕಾಲಿನಿಂದ ಬಲ್ಲವರು.

ನಡಿಗೆಯ ವೇಗ ಎಷ್ಟಿರಬೇಕು? ಮರಳಿನ ಮೇಲಿನ ಪುಟ್ಟ ಉಂಡೆಗಳು ಕಣ್ಣಿಗೆ ಬೀಳುವಷ್ಟು. ನೀರು ಸರಿದ ಸ್ವಲ್ಪ ಹೊತ್ತಿಗೆ ಸಾಸಿವೆಗಿಂತ ತುಸು ದೊಡ್ಡ ಸಾವಿರಾರು ಮರಳುಂಡೆಗಳು ಒಂದೊಂದು ತೂತಿನ ಸುತ್ತ ಸಾಲುಸಾಲಾಗಿ ಹರಡಿರುತ್ತವೆ. ಇದು ಬಟಾಣಿ ಗಾತ್ರದ ಸಣ್ಣ ಏಡಿಯ ಕೆಲಸ. ಮರಳನ್ನು ಬಾಯಿಗಿಟ್ಟು, ಅದರಲ್ಲಿನ ಪಾಚಿ, ಕೊಳೆತ ಕಣಗಳನ್ನು ತಿಂದು, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ತಳ್ಳುತ್ತದೆ. ತಿಂದದ್ದನ್ನೇ ಮತ್ತೆ ತಿನ್ನದಿರಲು ಈ ವ್ಯವಸ್ಥೆ. ಭರತ ಬಂದು ಎಲ್ಲವನ್ನೂ ಒರೆಸುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಶುರು. ಎಂಟು ಹತ್ತು ಹೆಜ್ಜೆ ದೂರ ನಿಂತು ಅಲುಗಾಡದೆ ಕಾದರೆ ಏಡಿ ಹೊರಬಂದು ಕೆಲಸಕ್ಕೆ ತೊಡಗುತ್ತದೆ. ಜೀಪು, ಬೈಕು ಓಡಾಡಿದ ಮರಳಿನಲ್ಲಿ ಈ ಉಂಡೆಗಳನ್ನು ನಾನು ಕಂಡಿಲ್ಲ.

ದಾರಿಯಲ್ಲಿ ಏಂಡಿ ಬಲೆ ಎಳೆಯುವವರು ಸಿಗಬಹುದು. ದೋಣಿಯಿಂದ ಅರ್ಧವೃತ್ತವಾಗಿ ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಎಳೆಯುತ್ತಾರೆ. ಇದರ ದೊಡ್ಡಣ್ಣ ರಂಪಣಿಗೆ ಹತ್ತಾರು ಜನ ಬೇಕಿತ್ತು. ಯಂತ್ರದ ದೋಣಿಗಳು ಬಂದ ಮೇಲೆ ಅದು ಅಪರೂಪವಾಗಿದೆ. ಹಗ್ಗ ದಾಟಿ ನೀರಿನ ಬದಿಯಿಂದ ಹೋಗುವುದು ಸಲ್ಲ. ಎಳೆಯುವವರ ಬೆನ್ನ ಹಿಂದಿನಿಂದ, ನೆಲದ ಬದಿಯಿಂದ ಹೋಗಬೇಕು. ಬಲೆ ದಡಕ್ಕೆ ಬರುವ ತನಕ ನಿಂತು ನೋಡಲು ಅಡ್ಡಿಯಿಲ್ಲ. ಹಗ್ಗಕ್ಕೆ ಕೈ ಹಾಕುವುದು ಅವರು ಕರೆದರೆ ಮಾತ್ರ. ತಾರ್ಲೆಯೋ ಬಂಗುಡೆಯೋ ಬಿದ್ದರೆ ಅಲ್ಲೇ ಕೊಳ್ಳಿ, ಚೌಕಾಸಿ ಬೇಡ.

ಅಳಿವೆಯ ಹತ್ತಿರ ನಡಿಗೆ ನಿಲ್ಲಬೇಕು. ಎದುರಿಗೆ ಸದಾಶಿವಗಡ, ಪಶ್ಚಿಮಕ್ಕೆ ಕೂರ್ಮಗಡ, ದೇವಗಡ ದ್ವೀಪಗಳು. ನೀರಿಗೆ ಮಾತ್ರ ಇಳಿಯಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರು, ಕಡಲ ನೀರು ಎರಡೂ ಒಟ್ಟಿಗೆ ಹೊರಕ್ಕೆ ಸೆಳೆಯುತ್ತವೆ. ಮೊಣಕಾಲು ಮಟ್ಟದಲ್ಲೂ ಕಾಲಡಿಯ ಮರಳು ಕೊಚ್ಚಿ ಹೋಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ದಂಡೆಯ ಮರಳನ್ನೇ ಕಡಲು ಎಳೆದೊಯ್ದು ದೂರದಲ್ಲಿ ದಿಬ್ಬವಾಗಿಸುತ್ತದೆ, ಮಳೆ ಮುಗಿದ ಮೇಲೆ ಮೆಲ್ಲಗೆ ತಂದು ಹಾಕುತ್ತದೆ. ಆ ತಿಂಗಳುಗಳಲ್ಲಿ ಗಾಳಿಮರದ ನೆರಳಿನಲ್ಲೇ ಅಡ್ಡಾಡಿ.

ಬಂದರು ವಿಸ್ತರಣೆಗಾಗಿ ಇದೇ ತೀರದಲ್ಲಿ ಅಲೆತಡೆ ಗೋಡೆ ಕಟ್ಟಲು ಹೊರಟಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು, ಊರು ಅವರ ಜೊತೆ ನಿಂತಿತು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನೌಕಾನೆಲೆಗೆ ಹತ್ತಿರದ ತೀರಗಳನ್ನು ಬಿಟ್ಟುಕೊಟ್ಟ ಊರಿಗೆ ಉಳಿದದ್ದು ಇದು ಎಂಬ ಅವರ ಮಾತು ನ್ಯಾಯವಾದದ್ದು. ಅವರಿಗೆ ಅದು ಅನ್ನದ ಪ್ರಶ್ನೆ. ಅಡ್ಡಾಡಲು ಬರುವ ನಾವು ಆ ಹೋರಾಟದ ಫಲವನ್ನು ಪುಕ್ಕಟೆ ಉಣ್ಣುತ್ತಿದ್ದೇವೆ.

ಉದ್ಯಾನ ನೋಡಿಕೊಳ್ಳುವವರಲ್ಲಿ ನನ್ನದೊಂದು ವಿನಂತಿ. ಮುಂದೆ ಏನು ಕಟ್ಟುವುದಿದ್ದರೂ ಗಾಳಿಮರಗಳ ಹಿಂದೆ, ಹೆದ್ದಾರಿಯ ಬದಿಗೆ ಕಟ್ಟಿ. ಮರಳಿಗೆ ವಾಹನ ಇಳಿಸಬೇಡಿ. ಕಾರವಾರದ ಭರತ, ಇಳಿತಗಳ ಹೊತ್ತನ್ನು ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಮುಂಚಿತವಾಗಿಯೇ ಅಚ್ಚು ಹಾಕುತ್ತದೆ. ಬಾಗಿಲ ಬಳಿ ಒಂದು ಕರಿಹಲಗೆ ಇಟ್ಟು, ಇಂದಿನ ಇಳಿತ ಎಷ್ಟು ಗಂಟೆಗೆ ಎಂದು ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆದು ಹಾಕಿ.