ಗಾಜಿನೊಳಗಿನ ಕಡಲು

ಎಲ್‌ಇಡಿ ದೀಪಗಳು ಬಂದ ಮೇಲೆ ಮನೆಯಲ್ಲಿ ಹವಳದ ತೊಟ್ಟಿ ಇಡುವುದು ಅಗ್ಗವಾಯಿತೆಂಬ ಮಾತುಂಟು. ಈ ಲೆಕ್ಕ ಅಪೂರ್ಣ. ಹವಳಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪೂ 25 ಡಿಗ್ರಿಯ ಆಸುಪಾಸಿನ ತಂಪೂ ಬೇಕು. ಬಾಗಲಕೋಟೆ, ಇಳಕಲ್ಲಿನ 40 ಡಿಗ್ರಿ ಬೇಸಿಗೆಯಲ್ಲಿ ಕೆಲಗಂಟೆ ವಿದ್ಯುತ್ ಹೋದರೆ ಜೀವಹಾನಿಯೇ ಸರಿ. ಅದನ್ನು ಯಾವ ಖಾತೆಗೆ ಬರೆಯುವುದು? ಗಟ್ಟಿ ಹವಳಗಳಂತೂ 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಮಾರಾಟದ ಕಡಲಮೀನುಗಳಲ್ಲಿ ಹೆಚ್ಚಿನ ಜಾತಿಗಳು ಸಮುದ್ರದಿಂದಲೇ ಹಿಡಿದು ತಂದವು. ಕ್ಲೌನ್ ಮೀನಿನಂಥ ಕೆಲವು ಮಾತ್ರ ಸಾಕಣೆಯಲ್ಲಿ ಹುಟ್ಟುತ್ತವೆ.

ಕೊಲ್ಲುವುದಿಲ್ಲ, ಸಾಕುತ್ತೇವೆ ಎಂಬ ಸಮಾಧಾನ ಶ್ರಾವಕನಿಗೆ ಒದಗದು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಬಂಧವನ್ನೇ ಮೊದಲು ಎಣಿಸುತ್ತದೆ. ಕಡಲಿನ ಕುತೂಹಲವುಳ್ಳವರಿಗೆ ಬಾಗಲಕೋಟೆ ಸೀಮೆಯ ಸುಣ್ಣಕಲ್ಲಿನಲ್ಲಿಯೇ ಪುರಾತನ ಸಮುದ್ರದ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳಿವೆ. ನೋಡಲು ಖರ್ಚೂ ಇಲ್ಲ.