ಕೆ.ಕೆ. ಹೆಬ್ಬಾರರ ಗ್ರಾಮದೃಶ್ಯ ರೇಖೆಗಳು: ಒಂದು ಜಾನಪದೀಯ ನೋಟ

ಆಧುನಿಕ ಕಲಾವಿದನೊಬ್ಬ ಹಳ್ಳಿಯ ನೋಟವೊಂದನ್ನು ಕೆಲವೇ ನಿಮಿಷಗಳಲ್ಲಿ ಪೆನ್ಸಿಲ್ಲಿನಿಂದ ಮೂಡಿಸಿದ ರೇಖಾಚಿತ್ರವು ಸಾಮಾನ್ಯವಾಗಿ ಎರಡು ಬಗೆಯ ಅವಗಣನೆಗೆ ಒಳಗಾಗುತ್ತದೆ. ಕಲಾವಿಮರ್ಶಕರು ಅದನ್ನು ಮುಂದೆ ರಚನೆಯಾಗಲಿರುವ ವರ್ಣಚಿತ್ರದ ಪೂರ್ವಸಿದ್ಧತೆಯೆಂದು ಬಗೆಯುತ್ತಾರೆ. ಜಾನಪದ ವಿದ್ವಾಂಸರು ಮರೆಯಾದ ಗ್ರಾಮಜೀವನದ ದಾಖಲೆಯೆಂದು ಬಳಸಿಕೊಳ್ಳುತ್ತಾರೆ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ (1911-1996) ರೇಖೆಗಳು ಈ ಎರಡೂ ಗ್ರಹಿಕೆಗಳ ಮರುಪರಿಶೀಲನೆಯನ್ನು ಬಯಸುತ್ತವೆ.

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿಯೂ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿಯೂ ಅಭ್ಯಾಸ ಮಾಡಿದ ಹೆಬ್ಬಾರರು, ಲಯದ ಮರ್ಮವನ್ನರಿಯಲು ಕಥಕ್ ನೃತ್ಯವನ್ನೂ ಕಲಿತವರು. 1964ರಲ್ಲಿ ಪ್ರಕಟವಾದ ಅವರ ರೇಖಾಚಿತ್ರಗಳ ಸಂಪುಟದ ಹೆಸರು 'ದಿ ಸಿಂಗಿಂಗ್ ಲೈನ್', ಅಂದರೆ ಹಾಡುವ ರೇಖೆ. ಈ ಹೆಸರು ಕೇವಲ ಅಲಂಕಾರವಲ್ಲ. ಶ್ರಮದಲ್ಲಿ ಬಾಗಿದ ದೇಹವನ್ನು ಅವರ ರೇಖೆ ಅಂಗಾಂಗಗಳಾಗಿ ಒಡೆಯದೆ ಒಂದೇ ಚಲನೆಯಾಗಿ ಹಿಡಿಯುತ್ತದೆ. ನೆರಳು, ಮೈಕಟ್ಟು, ಮುಖಚಹರೆಗಳ ವಿವರ ಅಲ್ಲಿ ಅತ್ಯಲ್ಪ. ಬರೆಯದೆ ಬಿಟ್ಟ ಕಾಗದವೇ ಗದ್ದೆಯೂ ಆಗಬಹುದು, ಆಕಾಶವೂ ಆಗಬಹುದು.

ಇದರ ಮಹತ್ವ ನನಗೆ ಸ್ಪಷ್ಟವಾದದ್ದು ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕವನ್ನು ಎದುರಿಗಿಟ್ಟುಕೊಂಡಾಗ. ಮುಳಿಹುಲ್ಲಿನ ಮಾಡು, ಅಂಗಳ, ನೊಗ, ನೇಗಿಲು ಎಲ್ಲವನ್ನೂ ನಾನು ಅಳತೆಸಹಿತ ಬರೆದುಕೊಂಡಿದ್ದೆ. ಆ ಚಿತ್ರಗಳಲ್ಲಿ ವಸ್ತುಗಳಿದ್ದವು, ಕೆಲಸವಿರಲಿಲ್ಲ. ನೇಜಿ ನೆಡುವ ಹೆಂಗಸರ ಹಾಡಿನ ಪಠ್ಯವನ್ನು ಸಂಗ್ರಹಿಸಿ, ಕೈ ಮತ್ತು ದನಿ ಕೂಡುವ ಲಯವನ್ನು ಕೈಬಿಟ್ಟಂತೆಯೇ ಅದು.

ಹಾಗೆಂದು ಹೆಬ್ಬಾರರ ರೇಖೆಯನ್ನು 'ಜಾನಪದ' ಎಂದು ಕರೆಯುವುದು ಅವಸರದ ತೀರ್ಮಾನವಾದೀತು. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳ ಲೆಕ್ಕ ತಾಯಿಯಿಂದ ಮಗಳಿಗೆ ಬಂದುದು. ರೇಖೆ ಅವುಗಳನ್ನು ಬಳಸಿ ಹೊರಟಲ್ಲಿಗೆ ಮರಳುತ್ತದೆ. ಇಲ್ಲಿ ಅಂತಹ ಚುಕ್ಕಿಗಳಿಲ್ಲ. ಎಲ್ಲಿ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಒಬ್ಬ ವ್ಯಕ್ತಿಯ ಕಣ್ಣು ಆ ಕ್ಷಣದಲ್ಲೇ ನಿರ್ಧರಿಸಬೇಕು. ಒಂದರ ಹಿಂದೆ ಸಮುದಾಯದ ನೆನಪಿದೆ, ಇನ್ನೊಂದರ ಹಿಂದೆ ಊರು ಬಿಟ್ಟವನ ಏಕಾಂಗಿ ಹೊಣೆಯಿದೆ. ಈ ವ್ಯತ್ಯಾಸವನ್ನು ಅಳಿಸಿದರೆ ಕಲಾವಿದನಿಗೂ ರಂಗೋಲಿಯಿಡುವ ಹೆಣ್ಣುಮಗಳಿಗೂ ಅನ್ಯಾಯವೆಸಗಿದಂತಾಗುತ್ತದೆ.

ಆದ್ದರಿಂದ ಇಂತಹ ರೇಖಾಚಿತ್ರವನ್ನು ಮಾಹಿತಿಯ ಆಕರವಾಗಿ ಮಾತ್ರ ಬಳಸುವುದು ಉಚಿತವಲ್ಲ. ಅದರಲ್ಲಿ ಏನೇನಿದೆ ಎಂದು ಪಟ್ಟಿಮಾಡುವ ಮೊದಲು, ಕಲಾವಿದ ಏನನ್ನು ಬಿಟ್ಟ, ಬಿಟ್ಟರೂ ನಮಗೆ ಅದು ಹೇಗೆ ಕಾಣುತ್ತಿದೆ ಎಂದು ಕೇಳಿಕೊಳ್ಳುವುದು ಜಾನಪದ ಸಂಶೋಧಕರಿಗೆ ಅಗತ್ಯವಾದ ಶಿಸ್ತು.